ಹೊಸ ಲ್ಯಾಪ್‌ಟಾಪ್ ಬೇಡ

...ಇಲ್ಲ ತಮಾ, ಹೊಸದು ಬೇಡ. ಈ ಹಳೇದೇ ಆನ್ ಆಗಿ ಹೊತ್ತಬೇಕು. ವಾರಂಟಿ ಇದೆ, ಕಂಪನಿಯವ್ರು ಹೊಸ ಪೀಸೇ ಕಳಿಸ್ತಾರೆ ಅಂತ ನೀನು ಖುಷೀಲಿ ಹೇಳ್ತಿದೀಯ, ನಾನು ಬೇಡ ಅಂತಿದೇನೆ. ಹಾಗೆ ನೋಡ್ಬೇಡ. ತಲೆ ಸರಿ ಇದೆ ನಂಗೆ.

ಕೂರೂದಿಲ್ಲ. ನಿಂತೇ ಇರ್ತೇನೆ. ಅಂಕೋಲಾ-ಕಾರವಾರ ಬಸ್ಸಿನ ಕಂಡಕ್ಟರ್ ನಾನು, ನಿಂತೇ ಅಭ್ಯಾಸ. ಚಹಾನೂ ಬೇಡ ಮಾರಾಯಾ. ಬೇಡ ಅಂದ್ನಲ್ಲ!

ಮಗಳದ್ದು ಇದು. ದೀಕ್ಷಾ ಅಂತ. ಇಲ್ಲೇ ಕಾರವಾರದಲ್ಲಿ ಕೆಲಸ, ದಿನಾ ನನ್ನ ಬಸ್ಸಲ್ಲೇ. ಪಾಸ್ ತೋರಿಸು ಅಂದ್ರೆ ನಾಲಿಗೆ ತೋರಿಸ್ತಾಳೆ. ಸಂಬಳ ಕೂಡಿಟ್ಟು ತಗೊಂಡ್ಳು, ಕಾರ್ ಓಡಿಸೂ ಆಟ ಆಡೂಕೆ. ನಗ್ತೀಯಾ? ನಗು, ನಗು. ಅವಳ ಆಯಿ, ನನ್ನ ಹೆಂಡ್ತಿ, ಅವಳೂ ನಗ್ತಿದ್ಳು, ಸೈಕಲ್ ಬರೂದಿಲ್ಲ ನಿಂಗೆ, ಕಾರ್ ಓಡಿಸ್ತೀಯಾ ಅಂತ. ಅಂಕೋಲೇಲಿ ಫೋನ್ ಅಂಗಡಿಯವ ಇದನ್ನ ನೋಡಿ ಕೈ ಮುಗಿದ. ಕಾರವಾರಕ್ಕೇ ಹೋಗಿ ಅಂದ.

ಎಂಥದು? ಆಡಿ ಆಡಿ ಬಿಸಿ ಆಗಿದೆ ಅಂತೀಯಾ? ಇಲ್ಲ. ಈಗ ಕೆಲವು ದಿನದಿಂದ ಯಾರೂ ಆಡ್ಲಿಲ್ಲ. ಸುಮ್ನೆ ಹೊತ್ತಿಸಿ ಇಟ್ಟದ್ದು. ಹಗಲೂ ರಾತ್ರೀನೂ... ಎಂತಕ್ಕೆ ಅಂದ್ರೆ... ಇಟ್ಟಿದ್ವಪ್ಪ! ನಿನ್ನೆ ಮುಟ್ಟಿದ್ರೆ ಕಾವಲಿ ಇದ್ದ ಹಾಗೆ. ಟಪ್ ಅಂತ ಆರಿ ಹೋಯ್ತು. ಆಮೇಲೆ ಎಷ್ಟು ಒತ್ತಿದ್ರೂ ಇಲ್ಲ.

ಅವಳೇ ಬಂದು ಸೈನ್ ಮಾಡ್ಬೇಕಾ? ಬಿಲ್ಲು ಅವಳ ಹೆಸರಲ್ಲಿದೆ, ಹೌದು. ಅವಳಿಗೆ ಬರೂಕೆ ಆಗೂದಿಲ್ಲ. ಫೋನಾ? ಹತ್ತೂದಿಲ್ಲ ಅದು. ನಾನು ಮಾಡ್ತೇನಲ್ಲ, ಅಪ್ಪ ಅಲ್ದಾ ನಾನು? ಆಯ್ತು, ಅದು ಆಮೇಲೆ. ಮೊದ್ಲು ಬಿಚ್ಚು.

ಸಂಜೆಯೊಳಗೆ ಬೇಕು. ನಾಳೆ ಅವರ್ಸಾದಲ್ಲಿ, ಮನೇಲಿ, ಊಟ ಇಟ್ಕೊಂಡಿದೇವೆ. ನೆಂಟ್ರೆಲ್ಲ ಬರ್ತಾರೆ... ಮದುವೆ ನಿಶ್ಚಯವಾ ಅಂತ ಕೇಳ್ತೀಯಾ? ದೀಕ್ಷಾದ್ದಾ? ಹ್ಞಾಂ... ಹಾಗಂತ್ಲೇ ತಿಳ್ಕೊ. ಅರೇ, ಕೈ ಕುಲುಕೂಕೆ ಬರ್ಬೇಡ! ಮುಟ್ಬೇಡ ನನ್ನ. ಕೆಲಸ ಮಾಡು.

ಬಿಚ್ಚಿದ್ಯಾ? ಎಂಥದು ಅದು, ಫ್ಯಾನಿನಲ್ಲಿ? ಹುಳ ಅಲ್ಲ ಅದು. ಸೇವಂತಿಗೆ ಎಸಳು. ಆ ಕಪ್ಪು ಜಿಡ್ಡು ಎಣ್ಣೆ ಮಸಿ. ದೀಪದ್ದು. ಬಿಳೀದು ಬತ್ತಿ ಎಳೆ ಇರ್ಬೇಕು...

ಸ್ಕ್ರೂಡ್ರೈವರ್ ಎಂತಕ್ಕೆ ಕೆಳಗಿಟ್ಟೆ?

ವಾರಂಟಿ ಸಿಗೂದಿಲ್ಲ ಅಂತಾದ್ರೂ ಹೇಳು. ಬೈಯಿ ಬೇಕಾದ್ರೆ. ನನ್ನ ಗಡ್ಡ ಎಂಥಾ ನೋಡ್ತೀಯಾ...

ಸೂತಕ ಇದೆ ತಮಾ. ನಿನ್ನ ಅಂಗಡಿ ಮೆಟ್ಲು ಹತ್ತಬಾರದಿತ್ತು ನಾನು.

ದೀಕ್ಷಾಗೆ ಜ್ವರ ಬಂದದ್ದು, ಅಷ್ಟೇ. ಫೋಟೋಕ್ಕೆ ಹುಡುಕಿದ್ರೆ ದೊಡ್ಡವಳಾದ ಮೇಲಿಂದು ಒಂದೇ ಪಾಸ್‌ಪೋರ್ಟ್ ಸೈಜು, ಅದ್ರಲ್ಲೂ ಮುಖ ಗಂಟು ಹಾಕಿದಾಳೆ. ಇದನ್ನ ಹೊತ್ತಿಸಿದ್ರೆ ಮಾತ್ರ ಪರದೆ ತುಂಬಾ ಅವಳು. ನಗ್ತಾ ಇರ್ತಾಳೆ. ಇದಕ್ಕೇ ಮಾಲೆ ಹಾಕಿದ್ವಿ, ಮುಂದೆ ದೀಪ ಇಟ್ವಿ. ನಾಳೆ ಹನ್ನೆರಡನೇ ದಿನ, ಅಲ್ಲೀತನಕ ದೀಪ ಆರಬಾರದು ಅಂದ್ರು ಭಟ್ರು. ಹಾಗಾದ್ರೆ ಇದೂ ಆರಬಾರದು ಅಂದ್ಳು ಅವಳ ಆಯಿ. ಮಸಿ ಹಿಡೀತದೆ ಅಂತ ಹಿಂದೂ ಕೆಳಗೂ ಅವಳದ್ದೇ ವೇಲ್ ಸುತ್ತಿದ್ಳು. ಅದ್ಕೇ ಬಿಸಿ ಆಯ್ತಾ? ನಾವೇ ಕೆಡಿಸಿದ್ದಾ?

ನಿನ್ನೆ ಇದು ಆರಿದ ಮೇಲೆ ಅವಳ ಆಯಿ ದೀಪದ ಹತ್ರ ಬರ್ಲಿಲ್ಲ. ದೀಪಕ್ಕೆ ನಾನೇ ಎಣ್ಣೆ ಹಾಕಿ ಬಂದೆ. ನಂಗೆ ಅವತ್ತೂ ಅಳು ಬರ್ಲಿಲ್ಲ, ಇವತ್ತೂ ಬರೂದಿಲ್ಲ. ಎಂಥದೂ ಆಗೂದಿಲ್ಲ ನಂಗೆ. ಟಿಕೆಟ್ ಟಿಕೆಟ್ ಅಂತ ಬಾಯಿ ಮಾತ್ರ ಹೇಳ್ಕೊಳ್ತದೆ, ಮನೇಲೂ. ಹೊಸದು ಬಂದ್ರೆ ಅದ್ರಲ್ಲಿ ಅವಳು ಇರ್ತಾಳಾ, ಹೇಳು?

ಅರೇ... ಕೈ ಬಿಡು ತಮಾ. ಸೂತಕ ಅಂದ್ನಲ್ಲ, ಕೈ ಹಿಡೀಬಾರದು. ಬಿಡು... ಬಿಡು ಮಾರಾಯಾ... ಸಂಜೆಗೆ ಹೊತ್ತಿದ್ರೆ ಸಾಕು.