ರುಕ್ಮಕ್ಕ ನೋಡದ ಮೊದಲ ಅಂಕ

ಸಭೆಯ ಅಧ್ಯಕ್ಷರೇ, ವೇದಿಕೆಯನ್ನು ಅಲಂಕರಿಸಿರುವ ಅತಿಥಿಗಳೇ, ಪರದೆಯ ಹಿಂದೆ ಇನ್ನೂ ಮೊಳೆ ಹೊಡೆಯುತ್ತಿರುವ ನನ್ನ ಬೈಕ್ ಸಂಗಾತಿಗಳೇ, ಹೆಲ್ಮೆಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತಿರುವ ಸಭಿಕರೇ,

ಹಾರ್ಡ್‌ವೇರ್ ಅಂಗಡಿಯ ಸಂಜೀವಕುಮಾರನ ಕೈಗೆ ಮೈಕು ಕೊಟ್ಟರೆ ಬಿಡುವುದಿಲ್ಲ ಎಂಬುದು ಹಳಿಯಾಳಕ್ಕೆಲ್ಲ ಗೊತ್ತು. ನಾಲ್ಕು ಪುಟ ಬರೆದುಕೊಂಡು ಬಂದಿದ್ದೇನೆ. ನಾಟಕ ಏಳು ಗಂಟೆಗೆ, ಈಗ ಏಳಕ್ಕೆ ಹತ್ತು ನಿಮಿಷ. ಹೆದರಬೇಡಿ.

ಇಂದು ಬೆಳಿಗ್ಗೆ ಜೊಯಿಡಾದಿಂದ ನಲವತ್ತು ಬೈಕುಗಳು ಹೊರಟವು. ಯಾರಿಗಾಗಿ? ಬಣ್ಣ ಹಚ್ಚಿ ಚಪ್ಪಾಳೆ ಪಡೆಯುವವರಿಗಾಗಿಯೇ? ಅಲ್ಲ. ಪರದೆ ಎಳೆಯುವವರು, ದೀಪ ನೋಡಿಕೊಳ್ಳುವವರು, ಬಾಗಿಲಲ್ಲಿ ಟಿಕೆಟ್ ಹರಿಯುವವರು ಕಾಯಿಲೆ ಬಿದ್ದಾಗ ಒಂದು ಆಸರೆ ಇರಲಿ ಎಂದು. ದಾರಿಯುದ್ದಕ್ಕೂ ಜನ ಕೈಬಿಚ್ಚಿ ಕೊಟ್ಟರು. ಮುಂಡಗೋಡದ ಗೆಳೆಯರಂತೂ ನಿನ್ನೆಯೇ ಬಂದು ನಮ್ಮನ್ನು ಸೇರಿದ್ದರು.

ನಮ್ಮ ಸವಾರಿಗೆ ಎರಡು ನಿಯಮ. ಹಿಂದಿನ ಸೀಟಿನಲ್ಲಿ ರಂಗದ ಹಿಂದೆ ದುಡಿಯುವವರೊಬ್ಬರು ಕೂರಬೇಕು. ಸಂಜೆ ಅವರು ಮುಂದಿನ ಸಾಲಿನಲ್ಲಿ ಕುಳಿತು ನಾಟಕ ನೋಡಬೇಕು, ಅವರ ಕೆಲಸ ನಾವು ಮಾಡಬೇಕು. ಪರದೆ ಎಳೆಯಲು ನಮ್ಮ ಸವಾರರಲ್ಲೊಬ್ಬನಾದ ಈರೇಶ ನಿಂತಿದ್ದಾನೆ. ಹಗ್ಗ ಹಿಡಿದವನೇ ಇದರ ಬ್ರೇಕ್ ಎಲ್ಲಿ ಎಂದು ಕೇಳಿದನಂತೆ. ಮೂವತ್ತು ವರ್ಷ ಆ ಹಗ್ಗ ಎಳೆದ ಅಂತೋನಿಯವರು ಇಲ್ಲಿ ಕಣ್ಣು ಮುಚ್ಚಿ ಶಿಲುಬೆಯ ಗುರುತು ಹಾಕಿಕೊಳ್ಳುತ್ತಿದ್ದಾರೆ.

ನನ್ನ ಹಿಂದೆ ಕುಳಿತವರು ಈ ಸಭಾಭವನದ ಬಾಗಿಲಲ್ಲಿ ಇಪ್ಪತ್ತೆರಡು ವರ್ಷ ಟಿಕೆಟ್ ಹರಿದ ರುಕ್ಮಾ ಸಿದ್ದಿಯವರು. ಜೊಯಿಡಾದಲ್ಲಿ ಬೆಳಿಗ್ಗೆ ಆರೂವರೆಗೇ ಬೈಕುಗಳ ಪಕ್ಕ ನಿಂತಿದ್ದರು. ನಾನು ಬಂದಾಗ ಎಂಟು. ನೀವು ಸ್ವಂತ ಮದುವೆಗೇ ತಡವಾಗಿ ಬಂದವರು ಎಂದು ನನ್ನ ಮನೆಯಾಕೆ ನಿರ್ಮಲಾ ಈಗಲೂ ಹೇಳುತ್ತಾಳೆ. ನಿಜ, ಅಕ್ಷತೆ ಹಿಡಿದವರ ಕೈ ಬೆವರಿತ್ತು.

ಗಣೇಶಗುಡಿಯಲ್ಲಿ ಚಹಾಕ್ಕೆ ನಿಂತಾಗ ನಾನು ದೊಡ್ಡಸ್ತಿಕೆಯಿಂದ, ನೀವೇ ಪುಣ್ಯವಂತರು ಅಕ್ಕಾ, ನೂರಾರು ನಾಟಕ ಪುಕ್ಕಟೆ ನೋಡಿದ್ದೀರಿ ಎಂದೆ. ಅವರು ನಕ್ಕರು.

"ಅರ್ಧಾ ನೋಡೇನ್ರಿ ಸಾವ್ಕಾರ್ರ. ಇವತ್ತಿನ ನಾಟಕಾನ ಹನ್ನೊಂದ ಸಲ ನೋಡೇನಿ. ಕಡೀಕ ಸೊಸಿ ಮನಿ ಬಿಟ್ಟ ಹೋಗ್ತಾಳ. ಯಾಕ ಹೋಗ್ತಾಳ ಅಂತ ನನಗ ಇನ್ನೂ ಗೊತ್ತಿಲ್ಲ."

ಯಾರನ್ನಾದರೂ ಕೇಳಬಾರದಿತ್ತೇ ಎಂದೆ. ಕೇಳಿ ತಿಳಿಯುವುದಾದರೆ ನಾಟಕ ಯಾಕೆ ಆಡಬೇಕು ಎಂದರು. ಮುಂದಿನ ಸಾಲಿನ ದೊಡ್ಡವರೆಲ್ಲ ಬಂದು ಕೂರುವ ತನಕ ಅವರು ಬಾಗಿಲು ಬಿಡುವಂತಿರಲಿಲ್ಲವಂತೆ. ಉಳಿದವರು ಹೊತ್ತಿಗೆ ಬರುತ್ತಿದ್ದರಂತೆ. ಒಬ್ಬರು ಮಾತ್ರ ಮೊದಲ ಅಂಕ ಮುಗಿದ ಮೇಲೆಯೇ ಬರುತ್ತಿದ್ದರಂತೆ, ಕತ್ತಲಲ್ಲಿ ಅವರಿಗೆ ಕುರ್ಚಿಯ ತನಕ ಬ್ಯಾಟರಿ ಬೆಳಕು ಹಿಡಿಯಬೇಕಿತ್ತಂತೆ. ಅವರು ಯಾರು ಎಂದು ನಾನು ಕೇಳಲಿಲ್ಲ. ರುಕ್ಮಕ್ಕ ಚಹಾದ ಕಪ್ಪು ನೋಡುತ್ತಿದ್ದರು. ನಾನೂ ನನ್ನ ಕಪ್ಪು ನೋಡಿದೆ.

ಆ ಕುರ್ಚಿಯ ನಂಬರು ಹದಿನಾಲ್ಕು. ನನಗೆ ಹೇಗೆ ಗೊತ್ತು ಎನ್ನುತ್ತೀರಾ? ದೊಡ್ಡವರು ತಡವಾಗಿ ಬಂದರೇ ಶೋಭೆ ಎಂದು ನನ್ನ ತಂದೆಯವರು ಕಲಿಸಿದ್ದರು. ಹಾಗಾಗಿ ಮೊದಲ ಅಂಕದ ಹೊತ್ತಿನಲ್ಲಿ ನಾನು ಎದುರಿನ ಹೋಟೆಲಿನಲ್ಲಿ ಗಿರಮಿಟ್ಟು ತಿನ್ನುತ್ತ ಕೂರುತ್ತಿದ್ದೆ. ಹಸಿವಿರಲಿಲ್ಲ, ಸಭಿಕರೇ. ಆಮೇಲೆ ಒಳಗೆ ಬಂದರೆ ನಾಲ್ಕು ಜನ ತಿರುಗಿ ನೋಡುತ್ತಿದ್ದರು. ಆ ಸುಖಕ್ಕಾಗಿ ಒಬ್ಬ ಹೆಣ್ಣುಮಗಳ ಇಪ್ಪತ್ತೆರಡು ವರ್ಷದ ಮೊದಲ ಅಂಕಗಳನ್ನು ತಿಂದುಬಿಟ್ಟೆ. ನನಗೆ ನಾಚಿಕೆಯಾಗಿದೆ. ರುಕ್ಮಕ್ಕ, ತಪ್ಪಾಯಿತು. ತಮಾಷೆಯೆಂದರೆ, ಆ ಸೊಸೆ ಯಾಕೆ ಮನೆ ಬಿಡುತ್ತಾಳೆಂದು ನನಗೂ ಗೊತ್ತಿಲ್ಲ.

ಇಂದು ಹದಿನಾಲ್ಕರಲ್ಲಿ ರುಕ್ಮಕ್ಕ ಕುಳಿತಿದ್ದಾರೆ. ಬಾಗಿಲು ಸದ್ದಾದಾಗಲೆಲ್ಲ ಅರ್ಧ ಏಳುತ್ತಿದ್ದಾರೆ, ಬ್ಯಾಟರಿಯನ್ನೂ ಕೈಯಿಂದ ಬಿಟ್ಟಿಲ್ಲ. ಕೂಡ್ರಿ ಅಕ್ಕಾ. ಬಾಗಿಲಿಗೆ ನಾನು ಹೋಗುತ್ತೇನೆ. ತಡವಾಗಿ ಬಂದವರು, ಯಾರೇ ಆಗಲಿ, ಮೊದಲ ಅಂಕ ಮುಗಿಯುವ ತನಕ ನನ್ನ ಜೊತೆ ಹೊರಗೇ ನಿಲ್ಲಲಿ.

ಉಳಿದ ಮೂರು ಪುಟ ಜೇಬಿನಲ್ಲೇ ಇರಲಿ. ಕೈಜೋಡಿಸಿದ ನಿಮಗೆಲ್ಲ ಧನ್ಯವಾದಗಳು. ಏಳಕ್ಕೆ ಇನ್ನೂ ಎರಡು ನಿಮಿಷವಿದೆ, ನಿರ್ಮಲಾ, ಗಡಿಯಾರ ನೋಡಿಕೋ. ರುಕ್ಮಕ್ಕ, ಆ ಬ್ಯಾಟರಿ ಇತ್ತ ಕೊಡಿ. ನಮಸ್ಕಾರ.