ಸಂಪದಾಳ ತಾಯಿಗೆ ನಾನು ಹೇಳದ ಮಾತು

ಹೆಸರು: ದಾಕ್ಷಾಯಿಣಿ ಗಂಡ ಕುಬೇರಪ್ಪ ಅಂಗಡಿ, ವಯಾ: 47 ವರ್ಷ, ಉದ್ಯೋಗ: ಮನೆಯಲ್ಲಿ ಮಕ್ಕಳನ್ನು ನೋಡಿಕೊಳ್ಳುವುದು, ಸಾ: ಉಣಕಲ್, ಹುಬ್ಬಳ್ಳಿ.

ಇಂದು ನಾನಾಗಿಯೇ ಠಾಣೆಗೆ ಬಂದು ಬರೆಸುವುದೇನೆಂದರೆ, ಕೆಲಸಕ್ಕೆ ಹೋಗುವ ತಾಯಂದಿರ ಮಕ್ಕಳನ್ನು ನಾನು ಹನ್ನೊಂದು ವರ್ಷಗಳಿಂದ ನೋಡಿಕೊಳ್ಳುತ್ತಿದ್ದೇನೆ. ಈ ವರ್ಷ ಒಂಬತ್ತು ಮಕ್ಕಳಿದ್ದರು. ನಮ್ಮ ಓಣಿಗೆ ಆರು ದಿನಕ್ಕೊಮ್ಮೆ ನೀರು ಬರುತ್ತದೆ. ಆದ್ದರಿಂದ ಪಾಯಖಾನೆಯ ಹೊರಗೆ ಒಂದೇ ಬಕೆಟ್ ಇಟ್ಟು, ಎಲ್ಲ ಮಕ್ಕಳ ಕೈಗಳನ್ನು ಅದರಲ್ಲೇ ಅದ್ದಿಸುತ್ತಿದ್ದೆ. ಸಾಬೂನು ಇತ್ತು. ಪ್ರತಿ ಸಲ ಹಚ್ಚಿಸುತ್ತಿರಲಿಲ್ಲ. ಅಲ್ಲಿಂದ ಅಡುಗೆಕಟ್ಟೆಗೆ ಎಂಟು ಅಡಿ.

ಜೂನ್ 12ರಿಂದ ಮೂರು ದಿನ ಆ ಮಕ್ಕಳಲ್ಲೊಬ್ಬನಾದ ಎರಡು ವರ್ಷದ ತ್ರ್ಯಂಬಕನಿಗೆ ಸಣ್ಣ ಜ್ವರ, ಭೇದಿ ಇತ್ತು. ಕಣ್ಣು ಹಳದಿಯಾಗಿರಲಿಲ್ಲ. ಅವನ ಬಟ್ಟೆ ಬದಲಿಸಿದವಳು ನಾನೇ, ಎಲ್ಲರಿಗೂ ಅನ್ನ ಕಲಸಿದವಳೂ ನಾನೇ.

ಜೂನ್ 24ರಂದು ಒಂಬತ್ತು ವರ್ಷದ ಸಂಪದಾ ಸೇರಿದಳು. ಅವರ ಮನೆ ನಮ್ಮಿಂದ ಸುಮಾರು 300 ಮೀಟರ್. ತಾಯಿ ಶಾಂಭವಿ, ದೇಶಪಾಂಡೆ ನಗರ ಬಡಾವಣೆಯ ಬಟ್ಟೆ ಅಂಗಡಿಯಲ್ಲಿ ಕೆಲಸ ಮಾಡುತ್ತಾರೆ. ಸಂಪದಾ ಶಾಲೆ ಬಿಟ್ಟ ಮೇಲೆ 7ರವರೆಗೆ ಇರುತ್ತಿದ್ದಳು. ತ್ರ್ಯಂಬಕನಿಗೆ ತಾನೇ ಉಣಿಸಿ, ಅವನು ಬಿಟ್ಟ ತುತ್ತನ್ನು ತಿನ್ನುತ್ತಿದ್ದಳು.

ಜುಲೈ 1ರಂದು ಬೆಳಿಗ್ಗೆ 11-20ಕ್ಕೆ ತ್ರ್ಯಂಬಕನ ತಾಯಿ ಚಿನ್ಮಯೀ ಫೋನ್ ಮಾಡಿ, "ಅಕ್ಕಾರ, ನಮ್ಮನಿಯವರಿಗೆ ಕಾಮಣಿ ಆಗೇದರಿ, ಕಣ್ಣು ಹಳದಿ ಆಗ್ಯಾವ. ಹುಡುಗನಿಂದನ ಬಂದಿರಬೇಕಂತ. ಸಣ್ಣವರಿಗೆ ಕಣ್ಣು ಹಳದಿ ಆಗದಿದ್ರೂ ಮಲದಿಂದ ಕೈಗೆ, ಕೈಯಿಂದ ಬಾಯಿಗೆ ಹರಡತದಂತರಿ. ಉಳಿದ ಹುಡುಗರಿಗೆ ಸೋಂಕು ತಗಲಿದ ಎರಡು ವಾರದಾಗ ಲಸಿಕೆ ಹಾಕಿಸಿದ್ರ ತಡೀಬಹುದು ಅಂತ ಡಾಕ್ಟರ್ ಹೇಳ್ಯಾರ. ಎಲ್ಲಾರಿಗೂ ಲಗೂ ತಿಳಸ್ರಿ" ಎಂದರು. ತಿಳಿಸುತ್ತೇನೆ ಎಂದೆ.

ಯಾರಿಗೂ ತಿಳಿಸಲಿಲ್ಲ. ಒಬ್ಬರು ಬಿಡಿಸಿದರೆ ಎಲ್ಲರೂ ಬಿಡಿಸುತ್ತಾರೆಂಬ ಅಂಜಿಕೆಯಿತ್ತು. ಅಂದು ಸಂಜೆ 7-05ಕ್ಕೆ ಶಾಂಭವಿ ಮಗಳನ್ನು ಕರೆದೊಯ್ಯಲು ಬಂದು ನಮ್ಮ ಹೊಸ್ತಿಲಲ್ಲಿ ಐದು ನಿಮಿಷ ನಿಂತಿದ್ದರು. ನನ್ನ ಮುಖ ಬಾಡಿದ್ದು ಕಂಡು ಯಾಕೆಂದು ಕೇಳಿದರು. ತಲೆನೋವು ಎಂದೆ. ಮರುದಿನದಿಂದ ನೀರು ಕುದಿಸತೊಡಗಿದೆ, ಎಲ್ಲರ ಕೈಗೂ ಸಾಬೂನು ಹಚ್ಚಿಸಿದೆ. ಇಷ್ಟು ಸಾಕೆಂದು ನನಗೆ ನಾನೇ ಹೇಳಿಕೊಂಡೆ.

ಜುಲೈ 19ರಂದು ಸಂಪದಾಳಿಗೆ ಜ್ವರ, ವಾಂತಿ ಶುರುವಾಯಿತು. 22ರಂದು ಕಣ್ಣು ಹಳದಿಯಾದವು. ನಿಮ್ಮಲ್ಲಿ ಬೇರೆ ಯಾರಿಗಾದರೂ ಆಗಿದೆಯೇ ಎಂದು ಶಾಂಭವಿ ಫೋನಿನಲ್ಲಿ ಕೇಳಿದರು. ಇಲ್ಲ ಎಂದೆ. 25ರಂದು ಹುಡುಗಿ ತಾಯಿಯ ಗುರುತು ಹಿಡಿಯಲಿಲ್ಲ, ಆಸ್ಪತ್ರೆಗೆ ಸೇರಿಸಿದರು. ಮಕ್ಕಳಲ್ಲಿ ಇಷ್ಟು ವಿಕೋಪಕ್ಕೆ ಹೋಗುವುದು ಅಪರೂಪ, ಆದರೆ ಯಕೃತ್ತು ಕೆಟ್ಟಿದೆ ಎಂದು ವೈದ್ಯರು ತಿಳಿಸಿದರಂತೆ. 29ರಂದು ಬೆಳಿಗ್ಗೆ 6-10ಕ್ಕೆ ತೀರಿಕೊಂಡಳು.

ನಿನ್ನೆ ಸಂಜೆ 4ಕ್ಕೆ ನಾನು ಶಾಂಭವಿಯವರ ಮನೆಗೆ ಹೋಗಿ ಎಲ್ಲವನ್ನೂ ಹೇಳಿದೆ. ಅವರು ಬೈಯಲಿಲ್ಲ, ಅಳಲಿಲ್ಲ. ಫೋನ್ ಬಂದ ತಾರೀಖು ಕೇಳಿ, ಮಗಳು ಸೇರಿದ ದಿನದಿಂದ ಬೆರಳು ಮಡಚಿ ಎಣಿಸಿದರು. "ಆವಾಗ ಇನ್ನೂ ವ್ಯಾಳೆ ಇತ್ತಲ್ರಿ ಅಕ್ಕಾ" ಎಂದರು. ಆಮೇಲೆ, "ಉಳದ ಹುಡುಗರ ತಾಯಂದ್ರಿಗರ ಹೇಳೀರೇನು?" ಎಂದು ಕೇಳಿದರು. ಇಲ್ಲ ಎಂದೆ. ಅವರು ನನ್ನನ್ನು ಕೂರಿಸಿ, ಫೋನ್ ಕೈಗೆ ಕೊಟ್ಟು, ಒಬ್ಬೊಬ್ಬರಿಗೂ ಮಾಡಿಸಿದರು. ಏಳು ಮನೆಗೆ ತಿಳಿಸಿ ಮುಗಿದಾಗ 5-40. ಏಳು ಸಲವೂ ಸಂಪದಾ ಸತ್ತಳೆಂಬುದನ್ನು ನನ್ನ ಬಾಯಿಂದಲೇ ಹೇಳಿಸಿದರು.

ಬರೆದದ್ದನ್ನು ಓದಿಸಿ ಕೇಳಿದ್ದೇನೆ. ನಾನು ಹೇಳಿದಂತೆಯೇ ಇದೆ, ಖರೆ ಇದೆ. ಯಾರ ಒತ್ತಾಯವೂ ಇಲ್ಲ.

ಸ್ಥಳ: ಹುಬ್ಬಳ್ಳಿ
ದಿನಾಂಕ: 01-08-2025
ಸಹಿ: ದಾಕ್ಷಾಯಿಣಿ ಕು. ಅಂಗಡಿ