ಸಂಗೀತದ ಪೀರಿಯಡ್ಡಲ್ಲಿ ತಮಟೆ

ಸಂಗೀತದ ಪೀರಿಯಡ್ಡಿಗೆ ತಮಟೆ ಯಾಕ್ ಬೇಕಿತ್ತು ಅಂತ ನೀನೂ ಕೇಳ್ಬೇಡ ಪಿಳ್ಳಣ್ಣ. ನೀನಾದ್ರೂ ಕೇಳ್ಬೇಡ. ಹೆಡ್‌ಮಾಸ್ಟರ್ ಸಿದ್ದರಾಜು ಕೇಳಿದ್ರು, ಬಿಸಿಯೂಟದ ಅಡುಗೆಯವರು ಕೇಳಿದ್ರು, ಹಾಲಿನ ಡೈರಿ ಹತ್ರ ಗುರ್ತಿಲ್ದೋನು ಯಾವನೋ ಕೇಳ್ದ. ಇಷ್ಟು ವರ್ಷ ಈ ಹೈಸ್ಕೂಲಲ್ಲಿ ಸಂಗೀತದ ಮೇಷ್ಟ್ರಾಗಿದೀನಿ, ಸಂಗೀತದ ಬಗ್ಗೆ ಊರೋರು ಇಷ್ಟೊಂದು ವಿಚಾರಿಸಿದ್ದು ಇದೇ ಮೊದಲು.

ಚಾಪೆ ಬೇಡ, ನೆಲದ ಮೇಲೇ ಕೂರ್ತೀನಿ. ಏಳ್ಬೇಡ ನೀನು. ಕೈ ಹೆಂಗಿದೆ? ಮೊಣಕೈವರೆಗೂ ಬ್ಯಾಂಡೇಜ್ ಸುತ್ಬಿಟ್ಟಿದಾರಲ್ಲ... ಬಲಗೈ. ಹೂಂ.

ಅವತ್ತು ಮಕ್ಕಳ ಮುಂದೆ 'ಬನ್ನಿ ಪಿಳ್ಳಣ್ಣನವರೇ' ಅಂತ ಕುರ್ಚಿ ಹಾಕ್ಸಿದ್ದೆ. ಈಗ ನಿನ್ನ ಮನೆಗೇ ಬಂದು ನೀನು ತಾನು ಅಂತಿದೀನಿ. ನಂಗೇ ಗೊತ್ತಾಗ್ತಿದೆ ನೋಡು. ಗೊತ್ತಾದ್ರೂ ಬಾಯಿ ತಿರುಗ್ತಿಲ್ಲ.

ತಮಟೆ ಯಾಕೆ ಅಂದ್ರೆ... ಎಲ್ಲಾ ಮಾಡಿ ಸೋತಿದ್ದೆ ಕಣಪ್ಪ. ಸರಿಗಮ ಹೇಳ್ಕೊಟ್ರೆ ಕಿಟಕಿ ಆಚೆ ನೋಡ್ತಾವೆ. ಸರಿ, ಹೊಸದೇನಾದ್ರೂ ಮಾಡೋಣ ಅಂತ ಊಟದ ಲೋಟಗಳಿಗೆ ನೀರು ತುಂಬಿಸಿ ಜಲತರಂಗ ಮಾಡಿಸ್ದೆ. ಚೆನ್ನಾಗೇ ಬಂತು. ನಾನು ಬೋರ್ಡ್ ಕಡೆ ತಿರುಗಿದ್ದೇ ತಡ, ನವೀನ್‌ಕುಮಾರ್ ಮಧ್ಯಮ ಕುಡಿದ್ಬಿಟ್ಟ. ಬಾಯಾರಿತ್ತಂತೆ. ಅವನ ಪಕ್ಕದೋನು ಪಂಚಮ ಕುಡ್ದ. ಅಡುಗೆಯವರು ಲೋಟಗಳಿಗೆ ಬೀಗ ಹಾಕಿದ್ರು.

ನಗು, ಪರವಾಗಿಲ್ಲ. ನಕ್ರೆ ಕೈ ನೋಯುತ್ತಾ?

ಆಮೇಲೆ ಪವರ್‌ಲೂಮ್ ಶೆಡ್ಡಿಗೆ ಕರ್ಕೊಂಡ್ ಹೋದೆ. ಮಗ್ಗದ ಸದ್ದು ಕೇಳಿ ತಾಳ ಹಿಡೀರಿ ಅಂದೆ. ಅರ್ಧ ಕ್ಲಾಸು ಅಲ್ಲೇ ಗೋಡೆಗೊರಗಿ ನಿದ್ದೆ ಹೋಯ್ತು. ನೇಯೋರ ಮನೆ ಮಕ್ಕಳು, ಹುಟ್ಟಿದಾಗಿಂದ ಅದೇ ಸದ್ದಲ್ಲಿ ಮಲಗಿರೋವು. ಅವಕ್ಕದು ಜೋಗುಳ.

ಅಷ್ಟೊತ್ತಿಗೆ ಒಂದು ಟ್ರೈನಿಂಗಲ್ಲಿ ಹೇಳಿದ್ರು, ಊರಿನ ವಾದ್ಯ, ಊರಿನ ಕಲಾವಿದರು, ಕ್ಲಾಸಿಗೇ ಕರ್ಸಿ ಅಂತ. ನಿನ್ನ ನೆನಪಾಯ್ತು. ನೀನು ಬಂದೆ. ಶರ್ಟು ಇಸ್ತ್ರಿ ಮಾಡ್ಸಿದ್ದೆ, ನೋಡ್ದೆ ನಾನು. ಬಯಲಲ್ಲಿ ಬೆಂಕಿ ಹಾಕಿ ತಮಟೆ ಕಾಯಿಸ್ದೆ. ದೇವರ ಮೆರವಣಿಗೆ ಹೊಡೆತ ಹೊಡೆದೆ, ಮದುವೆ ಹೊಡೆತ ಹೊಡೆದೆ. ಕಿಟಕಿ ಆಚೆ ಒಂದು ಮಗುನೂ ನೋಡ್ಲಿಲ್ಲ ಪಿಳ್ಳಣ್ಣ. ನವೀನ್‌ಕುಮಾರ್ ಬೆಂಚಿನ ಮೇಲೆ ಹತ್ತಿ ಕುಣಿದ. ನನ್ನ ಸರ್ವೀಸಲ್ಲೇ ಅಂಥ ಪೀರಿಯಡ್ ಆಗಿರ್ಲಿಲ್ಲ.

ಅಲ್ಲಿಗೆ ಬೆಲ್ ಹೊಡೆದಿದ್ರೆ ಆಗ್ತಿತ್ತು.

ಹೌದಪ್ಪ, ಸಾವಿನ ಹೊಡೆತ ತೋರ್ಸು ಅಂದಿದ್ದು ನಾನೇ. ಪಾಠ ಪೂರ್ತಿ ಆಗ್ಲಿ ಅಂತ. ಹುಟ್ಟು, ಮದುವೆ, ಸಾವು, ಎಲ್ಲಕ್ಕೂ ಒಂದೊಂದು ತಾಳ ಅಂತ ಬೋರ್ಡಲ್ಲಿ ಬರ್ದೂ ಇದ್ದೆ. ನೀನು ತಮಟೆ ಕೆಳಗಿಟ್ಟು ಕೈಮುಗಿದೆ. ಹೆಣ ಇಲ್ದೆ ಅದನ್ನ ಹೊಡೆಯಲ್ಲ ಸ್ವಾಮಿ, ಕೇಳಿದ ಊರು ಯಾರ ಮನೇಲಿ ಅಂತ ಹುಡುಕ್ಕೊಂಡ್ ಹೊರಡುತ್ತೆ ಅಂದೆ. ಹೇಳ್ದೆ. ಇಲ್ಲ ಅನ್ನಲ್ಲ ನಾನು.

ಆಮೇಲೆ... ಆಮೇಲೆ ಹೊಡೆತ ಶುರುವಾಯ್ತು. ಊರಿಗೆ ಕೇಳಿಸ್ತು. ಅಷ್ಟೇ.

ಯಾಕ್ ಹಂಗ್ ನೋಡ್ತೀಯ?

ಸ್ಕೂಲ್ ಕಾಂಪೌಂಡಿನ ಪಕ್ಕಕ್ಕೇ ಚಿಕ್ಕಬೀರಪ್ಪನ ಮನೆ ಅಂತ ನನಗೇನು ಗೊತ್ತಿರ್ಲಿಲ್ವಾ... ಗೊತ್ತಿತ್ತು. ಮುದುಕ ಹಾಸಿಗೆ ಹಿಡಿದಿದಾನೆ, ಇವತ್ತೋ ನಾಳೆಯೋ ಅಂತಾನೂ ಊರಿಗೆಲ್ಲಾ ಗೊತ್ತಿತ್ತು. ಅದೇ ಆಗಿದ್ದು. ಯಾರ ಮನೆ ಅಂತ ಯಾರೂ ಕೇಳ್ಲೇ ಇಲ್ಲ, ಎಲ್ಲಾ ಸೀದಾ ಅಲ್ಲಿಗೇ ಹೊರಟ್ರು. ಅಂಗಡಿ ಬಾಗಿಲು ಎಳೆದ್ರು. ಯಾರೋ ಫೋನ್ ಮಾಡಿ, ಬೂದಿಗೆರೆಯಿಂದ ಮುದುಕನ ತಂಗಿ ಆಟೋದಲ್ಲೇ ಅಳ್ತಾ ಬಂದ್ಲಂತೆ. ಹೋಟ್ಲು ಅಪ್ಪಯ್ಯಣ್ಣ ಹಾರ ತಂದ. ತಂದು ನೋಡ್ತಾನೆ, ಪಡಸಾಲೆ ಮಂಚದ ಮೇಲೆ ಮುದುಕ ಕಣ್ಬಿಟ್ಕೊಂಡ್ ಕೂತಿದಾನೆ. ಮುನಿಗಂಗಮ್ಮ ಗಂಡನಿಗೆ ಗಂಜಿ ಕುಡಿಸ್ತಿದಾಳೆ. ಅಪ್ಪಯ್ಯಣ್ಣನಿಗೆ ಹಾರ ಎಲ್ಲಿ ಬಚ್ಚಿಡ್ಬೇಕು ಅಂತ ತಿಳೀಲಿಲ್ಲ. 'ಹೆಂಗಿದೀಯಪ್ಪ' ಅಂದ್ನಂತೆ, ಹಾರ ಹಿಡ್ಕೊಂಡೇ.

ಮುದುಕ ಹಾರ ನೋಡ್ದ. ತಮಟೆ ಇನ್ನೂ ಕೇಳಿಸ್ತಿತ್ತು. 'ನನಗಾ?' ಅಂದ. ಗಂಜಿ ಬೇಡ ಅಂದು ಗೋಡೆ ಕಡೆ ತಿರುಕ್ಕೊಂಡ. ದೀಪ ಹಚ್ಚೋ ಹೊತ್ತಿಗೆ ಹೋಗ್ಬಿಟ್ಟಿದ್ದ. ಹಾರ ದಂಡ ಆಗ್ಲಿಲ್ಲ.

ಇದಕ್ಕೆ ನೀನು ನಗಲ್ಲ ಅಂತ ಗೊತ್ತಿತ್ತು. ನನಗೂ ನಗು ಬರ್ತಿಲ್ಲ, ಮಾತು ಹಂಗೇ ಬರುತ್ತೆ, ಅಭ್ಯಾಸ.

ಇರ್ಲಿ, ಬಂದ ವಿಷಯ ಹೇಳ್ಬಿಡ್ತೀನಿ. ಸಂಜೆ ಅರಳಿಕಟ್ಟೆ ಹತ್ರ ಊರೋರು ಸೇರ್ತಾರೆ. ಚಿಕ್ಕಬೀರಪ್ಪನ ಮಗ ವಿಜಯ್ ಇನ್ನೂ ಕುದೀತಾ ಇದಾನೆ. ಪಿಳ್ಳಣ್ಣ ಬಂದು ಅಮ್ಮನ ಕಾಲಿಗೆ ಬೀಳ್ಬೇಕು, ಜೀವ ಇರೋವಾಗ್ಲೇ ಸಾವು ಹೊಡೆದೆ ತಪ್ಪಾಯ್ತು ಅಂತ ಎಲ್ಲರೆದುರು ಹೇಳ್ಬೇಕು, ಇಲ್ದಿದ್ರೆ ಇನ್ಮೇಲೆ ಊರೊಳಗೆ ಕಾಲಿಡೋ ಹಂಗಿಲ್ಲ ಅಂತಾನೆ. ಹೆಡ್‌ಮಾಸ್ಟರು ನನ್ನ ಕಳ್ಸಿದ್ರು, ನೀವೇ ಕರ್ಸಿದ್ದಲ್ವಾ, ನೀವೇ ಹೇಳಿ ಒಪ್ಸಿ ಅಂತ. ಒಂದ್ಸಲ ಬಗ್ಗಿಬಿಡು ಪಿಳ್ಳಣ್ಣ. ಮುನಿಗಂಗಮ್ಮ ಒಳ್ಳೆಯೋಳು, ಪೂರ್ತಿ ಬಗ್ಗೋಕೂ ಬಿಡಲ್ಲ. ಒಂದು ನಿಮಿಷದ ಕೆಲಸ, ಮುಗೀತು.

...

ಏನಾದ್ರೂ ಹೇಳಪ್ಪ. ಬೈದಾದ್ರೂ ಬಿಡು.

ವಿಜಯ್ ಹುಡುಗರನ್ನ ಕಟ್ಕೊಂಡು ಇಲ್ಲಿಗೆ ಬಂದಾಗ್ಲೂ ನೀನು ಹಿಂಗೇ ಇದ್ದೆಯಂತೆ. ತಮಟೆ ತುಳಿದು ಹರಿದ್ರು, ದೊಣ್ಣೇಲಿ ಕೈಗೆ ಹೊಡೆದ್ರು. 'ನಾನಲ್ಲ' ಅಂದೆಯಂತೆ ಒಂದ್ಸಲ. ಮತ್ತೆ ಯಾರು ಅಂತ ಕೇಳಿದ್ರೆ ಬಾಯೇ ಬಿಡ್ಲಿಲ್ಲವಂತೆ. ಅದ್ಯಾಕೆ ಪಿಳ್ಳಣ್ಣ? ಒಂದು ಹೆಸರು ಹೇಳೋಕೆ ಏನಾಗ್ತಿತ್ತು? ಹೇಳಿದ್ರೂ ನಂಬಲ್ಲ ಅಂತಾನಾ?

ಸುಮ್ನೆ ನೋಡ್ಬೇಡ ಮಾರಾಯ.

ಸರಿ... ನಾನೇ. ನಾನೇ ಹೊಡೆದಿದ್ದು. ನೀನು ಕೆಳಗಿಟ್ಟ ತಮಟೆ ನಾನೇ ಎತ್ಕೊಂಡೆ, ನಿನ್ನ ಕಡ್ಡಿ ನಾನೇ ಇಸ್ಕೊಂಡೆ. ಚಿಕ್ಕಂದಿನಿಂದ ಎಷ್ಟು ಹೆಣದ ಹಿಂದೆ ಹೋಗಿದೀನಿ, ಕಿವೀಲಿ ಇತ್ತು ಹೊಡೆತ. ಬೇಡ ಸ್ವಾಮಿ, ಬೇಡ ಸ್ವಾಮಿ ಅಂತ ನೀನು ನನ್ನ ತೋಳು ಹಿಡಿಯೋಕೆ ಬಂದು, ಮುಟ್ಟೋದಾ ಬೇಡ್ವಾ ಅಂತ ಗೊತ್ತಾಗ್ದೆ ಕೈ ಹಿಂದಕ್ಕೆ ತಗೊಂಡೆ. ಮಕ್ಕಳು ನನ್ನನ್ನೇ ನೋಡ್ತಿದ್ವು. ಆ ಥರ ಯಾವತ್ತೂ ನೋಡಿರ್ಲಿಲ್ಲ. ನಿಲ್ಸೋಕೆ ಮನಸ್ಸಾಗ್ಲಿಲ್ಲ ಪಿಳ್ಳಣ್ಣ.

ಅದು ನಿನಗೆ ಗೊತ್ತಿರೋದೇ. ನಿನಗೆ ಗೊತ್ತಿಲ್ದಿರೋದು ಇನ್ನೊಂದಿದೆ.

ಮಣ್ಣು ಮಾಡಿ ಬಂದೋನೇ ವಿಜಯ್ ಸ್ಕೂಲಿಗೆ ಬಂದ. ಯಾವನು ಹೊಡೆದಿದ್ದು ಅಂತ ಕೇಳ್ದ. ಕಣ್ಣು ಕೆಂಪಗಿತ್ತು. ಪಿಳ್ಳಣ್ಣ ಅಂದ್ಬಿಟ್ಟೆ. ಯೋಚನೆ ಮಾಡಿ ಹೇಳಿದ್ದಲ್ಲ. ತಮಟೆ ಅಂದ್ರೆ ಪಿಳ್ಳಣ್ಣ, ಅದು ಬಾಯಿಗೆ ತಾನಾಗೇ ಬಂತು, ಅವನೂ ತಾನಾಗೇ ನಂಬ್ದ. ಆದ್ರೆ ಹೆಡ್‌ಮಾಸ್ಟರು ಬಿಡ್ಬೇಕಲ್ಲ. ಮಕ್ಕಳನ್ನೂ ಒಂದು ಮಾತು ಕೇಳ್ಬಿಡೋಣ ಅಂತ ಅವನನ್ನೂ ಕರ್ಕೊಂಡು ಒಂಬತ್ತನೇ ಕ್ಲಾಸಿಗೆ ಬಂದ್ರು. ಯಾರು ಹೊಡೆದಿದ್ದು ಹೇಳ್ರೋ ಅಂದ್ರು. ಎಲ್ಲಾ ನನ್ನ ಮುಖ ನೋಡ್ತಿದಾವೆ.

ನಾನು ಕೈ ಎತ್ತಿದೆ. ಪ್ರಾರ್ಥನೆ ಶುರು ಮಾಡ್ಸೋಕೆ ದಿನಾ ಎತ್ತೀನಲ್ಲ, ಹಂಗೆ. 'ಪಿಳ್ಳಣ್ಣ ಅಲ್ವಾ ಮಕ್ಕಳೇ?' ಅಂದೆ. ಕೈ ಇಳಿಸ್ದೆ.

'ಹೌದು ಸಾರ್, ಪಿಳ್ಳಣ್ಣ' ಅಂದ್ವು. ಒಟ್ಟಿಗೆ. ಒಬ್ಬರೂ ಮುಂದೆ ಹೋಗ್ಲಿಲ್ಲ, ಒಬ್ಬರೂ ಹಿಂದೆ ಬೀಳ್ಲಿಲ್ಲ. ನಾಡಗೀತೇಲಿ ಒಂದು ದಿನಾನೂ ಸೇರದ ಶ್ರುತಿ, ಅವತ್ತು ಸೇರ್ತು. ವಿಜಯ್ ಅಲ್ಲಿಂದ ಸೀದಾ ಇಲ್ಲಿಗೇ ಬಂದಿದ್ದು.

ಸಂಜೆ ನಾನೇ ಹೋಗಿ ನಿಜ ಹೇಳ್ತೀನಿ ಅನ್ನೋ ಮಾತು ಇನ್ನೂ ಬಾಯಿಗೆ ಬರ್ತಿಲ್ಲ ನೋಡು. ಬಗ್ಗು ಅನ್ನೋಕೂ ಇನ್ನು ಬರಲ್ಲ. ಇಲ್ಲೇ ಸ್ವಲ್ಪ ಹೊತ್ತು ಕೂತಿರ್ತೀನಿ.

ನನ್ನ ಮಗಳು ರಮ್ಯಶ್ರೀ ಅದೇ ಕ್ಲಾಸು, ಪಿಳ್ಳಣ್ಣ. ಮೊದಲನೇ ಬೆಂಚು. ಅವಳೂ ಹೇಳಿದ್ಲು, ಎಲ್ಲರ ಜೊತೆ. ಅವತ್ತು ನಾನು ಮನೆಗೆ ಹೋದ್ರೆ ಯೂನಿಫಾರ್ಮೂ ಬದಲಾಯಿಸದೆ ಬಾಗಿಲಲ್ಲೇ ನಿಂತಿದ್ಲು. ನನ್ನ ಬ್ಯಾಗ್ ಇಸ್ಕೊಂಡು, ಒಳಗೆ ಅವರಮ್ಮನಿಗೆ ಕೇಳಿಸದ ಹಂಗೆ ಕೇಳಿದ್ಲು.

'ಅಪ್ಪಾ, ನಾನು ಸರಿಯಾಗಿ ಹೇಳಿದ್ನಾ?'